ವ್ಯೂಹಕ್ಕೇಕೆ ನಿಷೇಧ?

2011ರ ನವೆಂಬರ್ 9. ಟ್ಯಾಂಪಾದ ಐಸ್ ಹಾಕಿ ಅಂಕಣದಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಡಿಫೆಂಡರ್ ಪಕ್ ಇಟ್ಟುಕೊಂಡು ತನ್ನ ವಲಯದಲ್ಲೇ ನಿಂತುಬಿಟ್ಟ. ಎದುರಿಗೆ ಟ್ಯಾಂಪಾ ಬೇ ಲೈಟ್ನಿಂಗ್‌ನ 1-3-1 ವ್ಯೂಹ: ಮುಂದೆ ಒಬ್ಬ, ನಡುವೆ ಅಡ್ಡಸಾಲಾಗಿ ಮೂವರು, ಹಿಂದೊಬ್ಬ. ಫ್ಲೈಯರ್ಸ್‌ನವರು ಮುಂದೆ ಹೋಗಲೊಲ್ಲರು, ಲೈಟ್ನಿಂಗ್‌ನವರು ಮೇಲೆರಗಲೊಲ್ಲರು. ಕೊನೆಗೆ ರೆಫರಿಯೇ ಸೀಟಿ ಊದಿ ಆಟ ನಿಲ್ಲಿಸಿದರು. ಇಂಥ ವ್ಯೂಹವನ್ನೇ ನಿಷೇಧಿಸಿ ಎಂಬ ಕೂಗೆದ್ದಿತು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಮಣಿಯಲಿಲ್ಲ. ಮಣಿಯದಿದ್ದದ್ದೇ ಸರಿ.

ಕೂಗು ಹಳೆಯದು. 1995ರಲ್ಲಿ ಜಾಕ್ ಲೆಮೇರ್ ತರಬೇತಿಯ ನ್ಯೂಜೆರ್ಸಿ ಡೆವಿಲ್ಸ್, ಬಲಾಢ್ಯ ಡೆಟ್ರಾಯಿಟ್ ತಂಡವನ್ನು ಫೈನಲ್ ಸರಣಿಯಲ್ಲಿ 4-0ಯಿಂದ ಮಣಿಸಿ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದದ್ದು ಇಂಥದೇ ಕಾದುನಿಲ್ಲುವ ವ್ಯೂಹವಾದ 'ಟ್ರ್ಯಾಪ್' ಬಲದಿಂದ. ಉಳಿದವರೂ ಅದೇ ಹಾದಿ ಹಿಡಿದರು. ಆದರೆ ಆ ಕಾಲದ ಆಟವನ್ನು ಕೆಡಿಸಿದ್ದು ವ್ಯೂಹವೊಂದೇ ಅಲ್ಲ. ವೇಗವಾಗಿ ಬರುವವನ ಸೊಂಟಕ್ಕೆ ಸ್ಟಿಕ್ ಕೊಕ್ಕೆ ಹಾಕುವುದು, ಜೆರ್ಸಿ ಜಗ್ಗುವುದು, ರೆಫರಿ ಕಂಡೂ ಕಾಣದಂತಿರುವುದು; ಟ್ರ್ಯಾಪಿಗೆ ಹಲ್ಲು ಕೊಟ್ಟದ್ದು ಇವು.

ಲಾಕೌಟ್‌ನಿಂದ 2004-05ರ ಇಡೀ ಋತು ಕೊಚ್ಚಿಹೋದ ಮೇಲೆ ಲೀಗ್ ಹೊಸ ನಿಯಮಗಳೊಂದಿಗೆ ಮರಳಿತು. ನಡುವಿನ ಕೆಂಪು ಗೆರೆ ದಾಟಿಸಿ ಉದ್ದ ಪಾಸ್ ಕೊಡಬಹುದು. ನಡುವಲಯ ಕಿರಿದಾಯಿತು. ಗೋಲಿಯ ಪ್ಯಾಡ್ ಚಿಕ್ಕದಾಯಿತು. ಜೊತೆಗೆ, ಕೊಕ್ಕೆ ಹಾಕಿದವನಿಗೆ ಮುಲಾಜಿಲ್ಲದೆ ಪೆನಾಲ್ಟಿ. ಪಂದ್ಯವೊಂದಕ್ಕೆ ಸುಮಾರು ಐದಿದ್ದ ಗೋಲು ಆರಕ್ಕೇರಿತು.

ಏರಿಸಿದ್ದು ಯಾವುದು? ಉತ್ತರ ಮುಂದಿನ ವರ್ಷಗಳಲ್ಲಿದೆ. ಗೆರೆಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಪೆನಾಲ್ಟಿಗಳು ಕಡಿಮೆಯಾಗುತ್ತ ಬಂದವು, ಗೋಲುಗಳೂ ಇಳಿದವು. ಕೆಂಪು ಗೆರೆಯ ನಿರ್ಬಂಧ ತೆಗೆದದ್ದರಿಂದ ಟ್ರ್ಯಾಪ್ ಸಾಯಲಿಲ್ಲ. ಉದ್ದ ಪಾಸ್ ಕಾಯಲು ಒಬ್ಬನನ್ನು ಹಿಂದೆ ನಿಲ್ಲಿಸಿತು, ಅಷ್ಟೇ.

ದುಡ್ಡು ಕೊಟ್ಟು ಬಂದ ಪ್ರೇಕ್ಷಕ ಆಕಳಿಸಬೇಕೆ ಎನ್ನುವವರ ಸಿಟ್ಟು ನ್ಯಾಯವಾದದ್ದೇ. ಆದರೆ ಯಾರು ಎಲ್ಲಿ ನಿಲ್ಲಬೇಕೆಂದು ಕಾನೂನು ಮಾಡಹೊರಟರೆ ರೆಫರಿ ಆಟ ಬಿಟ್ಟು ಜಾಗ ಅಳೆಯುತ್ತ ಕೂರಬೇಕಾಗುತ್ತದೆ. ವಲಯ ರಕ್ಷಣೆಯನ್ನು ದಶಕಗಳ ಕಾಲ ನಿಷೇಧಿಸಿದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕೂಡ 2001ರಲ್ಲಿ ಆ ನಿಷೇಧವನ್ನು ಕೈಬಿಟ್ಟಿತು. ನಮ್ಮ ಪ್ರೊ ಕಬಡ್ಡಿಯನ್ನೇ ನೋಡಿ: ಸತತ ಎರಡು ರೇಡ್ ಖಾಲಿ ಹೋದರೆ ಮೂರನೆಯದು 'ಡೂ ಆರ್ ಡೈ', ಅಂಕ ತರಲೇಬೇಕು. ಕಾಲಹರಣಕ್ಕೆ ಕಡಿವಾಣ ಬಿತ್ತು, ಡಿಫೆಂಡರ್‌ಗಳ ಸರಪಳಿಯನ್ನು ಯಾರೂ ಮುಟ್ಟಲಿಲ್ಲ.

ಕಾದು ನಿಲ್ಲುವುದು ಬುದ್ಧಿವಂತಿಕೆ, ಜಗ್ಗಿ ನಿಲ್ಲಿಸುವುದು ಮೋಸ. ಹೊಸ ನಿಯಮ ಬೇಕಿಲ್ಲ. ಋತುವಿನ ಆರಂಭಕ್ಕೆ ಅಕ್ಟೋಬರ್‌ನಲ್ಲಿ ಪೆನಾಲ್ಟಿಯಾಗುವ ಕೊಕ್ಕೆ, ಜೂನ್‌ನ ಫೈನಲ್‌ನಲ್ಲೂ ಪೆನಾಲ್ಟಿಯೇ ಆಗಲಿ.