ಓಣಿ ಬಾಯಿಗೆ ವಾಲ್ವು. ಚಾವಿ ಯಾರ ಕೈಗೆ?

ಅವಳಿ ನಗರದ ಜನಕ್ಕೆ ನೀರಿನ ಸುದ್ದಿಯೆಂದರೆ ಚುನಾವಣೆಯ ಸುದ್ದಿಗಿಂತ ದೊಡ್ಡದು. ಚುನಾವಣೆ ಐದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನೀರಿನ ಪಾಳಿ ಇಂದಿಗೂ ಹಲವು ವಾರ್ಡುಗಳಲ್ಲಿ ಐದಾರು ದಿನಕ್ಕೊಮ್ಮೆ ಬರುತ್ತದೆ, ಅದೂ ನಡುರಾತ್ರಿಯಲ್ಲಿ! ಹೀಗಿರುವಾಗ "ಕೊಳವೆ ಮಾರ್ಗದಲ್ಲಿ ವಾಲ್ವು ಅಳವಡಿಸುವ ಕಾಮಗಾರಿಯ ಪ್ರಯುಕ್ತ ನೀರು ಸರಬರಾಜಿನಲ್ಲಿ ವ್ಯತ್ಯಯವಾಗಲಿದೆ, ನಾಗರಿಕರು ಸಹಕರಿಸಬೇಕು" ಎಂಬ ಮೂರು ಸಾಲಿನ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದರೆ ಜನ ಹಂಡೆ, ಕೊಡ, ಬಕೆಟ್ಟು ತುಂಬಿಸಿಕೊಂಡು ಸುಮ್ಮನಾಗುತ್ತಾರೆ. ಆ ವಾಲ್ವು ಏಕೆ, ಎಲ್ಲಿ, ಯಾರಿಗಾಗಿ ಎಂದು ಕೇಳುವವರು ಕಡಿಮೆ.

ನಮ್ಮ ಜಿಲ್ಲೆಯ ಒಂದು ಓಣಿಯವರು ಮಾತ್ರ ಕೇಳಿದರು. ಓಣಿಯ ಹೆಸರು ಬರೆದರೆ ನಾಳೆ ಅವರ ಪಾಳಿಯೇ ತಪ್ಪೀತು, ಆದ್ದರಿಂದ ಬರೆಯುವುದಿಲ್ಲ. ಓಣಿ ಇಳಿಜಾರಿನಲ್ಲಿದೆ. ಕೆಳಗಿನವರಿಗೆ ನೀರು ಧಾರಾಳ, ಮೇಲಿನವರಿಗೆ ಕೊನೆಯ ಹತ್ತು ನಿಮಿಷ. "ನಮ್ಮ ನಳದಾಗ ಬರೋದು ಬರೇ ಗಾಳಿರೀ, ಆದ್ರ ಮೀಟರ್ ಮಾತ್ರ ಗರಗರ ತಿರಗತೈತಿ" ಎಂದು ಮೇಲಿನ ಮನೆಯ ಅಜ್ಜಿ ದೂರಿದರು. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಖಾಲಿ ಕೊಳವೆಯೊಳಗಿನ ಗಾಳಿ ನೀರಿಗಿಂತ ಮೊದಲು ಹೊರಗೆ ನುಗ್ಗುತ್ತದೆ, ಮೀಟರಿನ ಚಕ್ರಕ್ಕೆ ಗಾಳಿ ಯಾವುದು ನೀರು ಯಾವುದು ಎಂಬ ಭೇದವಿಲ್ಲ. ಈಗ ಇಳಿಜಾರಿನ ನಡುವೆ ಒಂದು ವಾಲ್ವು ಕೂಡಿಸಿ, ಮೊದಲು ಮೇಲಿನವರಿಗೆ, ಆಮೇಲೆ ಕೆಳಗಿನವರಿಗೆ ನೀರು ಬಿಡಬೇಕೆಂದು ತೀರ್ಮಾನವಾಗಿದೆ. ಕೆಳಗಿನವರು ಗುದ್ದಲಿಗೆ ಅಡ್ಡ ನಿಂತರು. "ಈಗ ನಮಗ ಸಾಕಷ್ಟು ಬರತಾವ. ವಾಲ್ವ್ ಕೂಡಿಸಿದ್ರ ಇದೂ ಹೋಗತೈತಿ. ನೀವ ಕುಡಿಸ್ತೀರೇನ್ರೀ?" ಎಂಬುದು ಅವರ ಪ್ರಶ್ನೆ.

ಯಾರದು ಸರಿ? ಇಬ್ಬರದೂ ಸರಿ. ಅಲ್ಲೇ ತೊಡಕು.

ವಾಲ್ವು ನೀರು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಹಂಚುತ್ತದೆ, ಅಷ್ಟೇ. ಹತ್ತು ಮೀಟರು ಎತ್ತರದ ನೀರಿನ ಕಂಬ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಓಣಿಯ ತುದಿ ಬುಡಕ್ಕಿಂತ ಐದು ಮೀಟರು ಮೇಲಿದ್ದರೆ ಅರ್ಧ ಕಿಲೋ ಒತ್ತಡ ಹಾದಿಯಲ್ಲೇ ಕಳೆದುಹೋಯಿತು. ಜೊತೆಗೆ ಕೆಳಗಿನ ನಲವತ್ತು ಮನೆಯ ನಳ ಒಮ್ಮೆಲೇ ಬಿಟ್ಟುಕೊಂಡರೆ, ಕೆಲವರು ಮೋಟಾರು ಹಚ್ಚಿ ಎಳೆದರೆ, ಮೇಲಿನವರಿಗೆ ಉಳಿಯುವುದು ಅಜ್ಜಿ ಹೇಳಿದ ಗಾಳಿ. ಇದಕ್ಕೆ ಯಾರೂ ದುಷ್ಟರಾಗಬೇಕಿಲ್ಲ, ಇಳಿಜಾರೊಂದೇ ಸಾಕು.

ಓದುಗರು ವಾಲ್ವನ್ನು ಕಂಡಿರಲಿಕ್ಕಿಲ್ಲ, ಅದು ಗುಂಡಿಯೊಳಗಿನ ಜೀವ. ನಮ್ಮ ರಸ್ತೆಗಳಡಿ ಹೆಚ್ಚಾಗಿ ಇರುವುದು ಸ್ಲೂಸ್ ವಾಲ್ವು. ಬೀಡುಕಬ್ಬಿಣದ ಹೊಟ್ಟೆಯೊಳಗೆ ಒಂದು ಬಾಗಿಲು, ಆ ಬಾಗಿಲನ್ನು ಮೇಲೆ ಕೆಳಗೆ ಮಾಡಲು ಒಂದು ತಿರುಪಿನ ದಂಡ, ದಂಡದ ನೆತ್ತಿಗೆ ಚೌಕ ಟೋಪಿ. ನೀರು ಬಿಡುವವನು ಉದ್ದನೆಯ ಕಬ್ಬಿಣದ ಚಾವಿಯನ್ನು ಆ ಟೋಪಿಗೆ ಸಿಕ್ಕಿಸಿ ತಿರುವುತ್ತಾನೆ. 50 ಮಿಲಿಮೀಟರಿನಿಂದ 1200 ಮಿಲಿಮೀಟರಿನವರೆಗಿನ ಇಂಥ ವಾಲ್ವುಗಳು ಹೇಗಿರಬೇಕೆಂದು ಐ.ಎಸ್. 14846 ಎಂಬ ಭಾರತೀಯ ಮಾನಕವೇ ಇದೆ. ಗುತ್ತಿಗೆದಾರ ತಂದಿಳಿಸಿದ ವಾಲ್ವಿನ ಮೈಮೇಲೆ ಆ ಗುರುತು ಇದೆಯೋ ಇಲ್ಲವೋ ಎಂದು ಓಣಿಯವರು ಇಣುಕಿ ನೋಡಿದರೆ ತಪ್ಪೇನೂ ಇಲ್ಲ.

ಕೂಡಿಸುವ ಕೆಲಸ ಹೇಳುವಷ್ಟು ಸುಲಭವಲ್ಲ. ಮೊದಲು ಹಿಂದಿನ ವಾಲ್ವು ಬಂದ್ ಮಾಡಬೇಕು, ಕೊಳವೆಯಲ್ಲಿ ನಿಂತ ನೀರನ್ನು ತಗ್ಗಿನ ಕಡೆ ಬಿಟ್ಟು ಖಾಲಿ ಮಾಡಬೇಕು. ಆಮೇಲೆ ಅಳತೆ ಹಿಡಿದು ಕೊಳವೆ ಕತ್ತರಿಸಿ, ಎರಡೂ ತುದಿಗೆ ಚಾಚುಬಿಲ್ಲೆ ಹೊಂದಿಸಿ, ನಡುವೆ ರಬ್ಬರ್ ಇಟ್ಟು, ಬೋಲ್ಟುಗಳನ್ನು ಎದುರುಬದುರು ಸರದಿಯಲ್ಲಿ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಇನ್ನೊಂದು ಬದಿ ಸೋರುತ್ತದೆ. ವಾಲ್ವಿನ ಭಾರ ಕೊಳವೆಯ ಮೇಲೆ ಬೀಳದಂತೆ ಕೆಳಗೆ ಕಾಂಕ್ರೀಟಿನ ಪೀಠ ಬೇಕು. ಹಳೇ ಊರುಗಳಲ್ಲಿ ಸೀಸ ಕಾಯಿಸಿ ಹೊಯ್ದು ಕೂಡಿಸಿದ ಬೀಡುಕಬ್ಬಿಣದ ಕೊಳವೆಗಳಿವೆ. ಇಲ್ಲಿ ಅಲುಗಾಡಿಸಿದರೆ ಹತ್ತು ಮಾರು ಆಚೆಯ ಕೂಡು ಬಾಯಿಬಿಡುತ್ತದೆ. ಪ್ರಕಟಣೆಯಲ್ಲಿ "ಒಂದು ದಿನ" ಎಂದದ್ದು ಮೂರು ದಿನವಾಗುವುದು ಬಹುಪಾಲು ಹೀಗೇ. ಸೋಮಾರಿತನವೂ ಇದ್ದೀತು, ಆದರೆ ಎಲ್ಲವನ್ನೂ ಸೋಮಾರಿತನದ ಲೆಕ್ಕಕ್ಕೆ ಬರೆಯಬಾರದು.

ಇಷ್ಟೆಲ್ಲ ಏಕೆ, ವಾಲ್ವೇ ಇಲ್ಲದಿದ್ದರೇನು ಎನ್ನುವವರಿಗೆ ಒಂದು ಲೆಕ್ಕ. 200 ಮಿಲಿಮೀಟರಿನ ಕೊಳವೆ ಒಂದು ಕಿಲೋಮೀಟರಿನಲ್ಲಿ ಹಿಡಿಯುವ ನೀರು ಸುಮಾರು 31,400 ಲೀಟರು. ನಡುವೆ ವಾಲ್ವು ಇಲ್ಲವೆಂದರೆ ಒಂದು ಸಣ್ಣ ಸೋರಿಕೆ ರಿಪೇರಿಗೆ ಇಷ್ಟೂ ನೀರನ್ನು ಗಟಾರಕ್ಕೆ ಬಿಡಬೇಕು. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂಬುದು ಸರ್ಕಾರಿ ಮಾನದಂಡ. ಅಂದರೆ 230 ಜನರ ಒಂದು ದಿನದ ಪಾಲು ಹರಿದುಹೋಯಿತು! ಒಂದು ನಳದ ಸಲುವಾಗಿ ಇಡೀ ವಾರ್ಡಿನ ನೀರು ಬಂದ್. ಓಣಿ ಬಾಯಿಗೆ ವಾಲ್ವಿದ್ದರೆ ಆ ಓಣಿ ಮಾತ್ರ ಬಂದ್, ಉಳಿದವರು ನೆಮ್ಮದಿಯಿಂದ ಸ್ನಾನ ಮಾಡಬಹುದು. ಇದು ವಾಲ್ವಿನ ನಿಜವಾದ ಕೆಲಸ, ಆಪತ್ಕಾಲದ ಕೆಲಸ.

ನಾವು ಅದನ್ನು ಹಚ್ಚಿದ್ದು ಬೇರೆ ಕೆಲಸಕ್ಕೆ. ಪಾಳಿ ಹಂಚುವುದಕ್ಕೆ ದಿನಾ ತಿರುವು, ದಿನಾ ಮುಚ್ಚು. ಮೇಲಾಗಿ ಅರ್ಧ ತಿರುವಿ ಬಿಡುವುದು! ಸ್ಲೂಸ್ ವಾಲ್ವು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ನೀರಿನ ರಭಸಕ್ಕೆ ಒಳಬಾಗಿಲು ನಡುಗಿ ನಡುಗಿ ಅಂಚು ಸವೆಯುತ್ತದೆ, ಮುಂದೆ ಮುಚ್ಚಿದರೂ ಮುಚ್ಚಿಕೊಳ್ಳುವುದಿಲ್ಲ. ಹಾಗೆಂದು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೂ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಬಲವಾಗಿ ತಿರುವಿದರೆ ದಂಡವೇ ಮುರಿಯುತ್ತದೆ.

ಇನ್ನೊಂದು ಮಾತು. ವಾಲ್ವನ್ನು ಗಡಿಬಿಡಿಯಿಂದ ಮುಚ್ಚಬಾರದು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ ಒಂದು ಮೀಟರು ವೇಗದಲ್ಲಿ ಓಡುವ ನೀರನ್ನು ಥಟ್ಟನೆ ತಡೆದರೆ ನೂರು ಮೀಟರು ಎತ್ತರದ ನೀರಿನ ಕಂಬ ಬಿದ್ದಷ್ಟು, ಅಂದರೆ ಸುಮಾರು ಹತ್ತು ಕಿಲೋ ಒತ್ತಡದ ಏಟು ಬೀಳುತ್ತದೆ. ಇಂಜಿನಿಯರುಗಳು ಇದಕ್ಕೆ ವಾಟರ್ ಹ್ಯಾಮರ್ ಎನ್ನುತ್ತಾರೆ. ಹಳೇ ಕೊಳವೆ ಒಡೆಯಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮುಚ್ಚಿದ ಮೇಲಿನ ಕಥೆ ಇನ್ನೂ ಕೆಟ್ಟದು. ನೀರು ಇಳಿದು ಖಾಲಿಯಾಗುವ ಕೊಳವೆ ಒಳಗೊಳಗೇ ಹೀರತೊಡಗುತ್ತದೆ. ಹೊರಗೆ ಗಟಾರ, ಒಳಗೆ ಬಿರುಕು. ಏನು ಒಳಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕೇ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಪಾಳಿ ನೀರಿನ ನಳ, ನಿರಂತರ ನೀರಿನ ನಳ ಎರಡರ ನೀರನ್ನೂ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಪಾಳಿಯ ನಳಗಳಲ್ಲಿ ಹೊಲಸಿನ ಸೂಚಕ ಕ್ರಿಮಿಗಳು ಬಹಳ ಹೆಚ್ಚು ಸಲ ಸಿಕ್ಕವು. ನೀರು ಬಿಟ್ಟಾಗ ಬರುವ ಮೊದಲ ಧಾರೆಯಲ್ಲಿ, ಒತ್ತಡ ಕಡಿಮೆಯಾದಾಗ ಬರುವ ನೀರಿನಲ್ಲಿ ಕ್ರಿಮಿ ಜಾಸ್ತಿ ಎಂಬುದನ್ನೂ ಮುಂದೆ ತೋರಿಸಿದರು. ನಮ್ಮ ಅವ್ವಂದಿರು ಮೊದಲ ಕೊಡವನ್ನು ಅಂಗಳಕ್ಕೆ ಚೆಲ್ಲುವುದು ಸುಮ್ಮನೇ ಅಲ್ಲ. ಆದರೆ ಹತ್ತೇ ನಿಮಿಷ ನೀರು ಬರುವ ಮೇಲಿನ ಮನೆಯ ಅಜ್ಜಿ ಮೊದಲ ಕೊಡ ಚೆಲ್ಲಿಯಾಳೇ? 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವಿನ್ನೂ ಮರೆತಿಲ್ಲ.

ಇದಕ್ಕೆ ಮದ್ದು ಇಪ್ಪತ್ನಾಲ್ಕು ತಾಸು ನೀರು ಎಂದು ಹೇಳುತ್ತಾ ಬಂದು ಬಹಳ ದಿನವಾಯಿತು. ವಿಶ್ವಬ್ಯಾಂಕು 2004ರಲ್ಲಿ ಸಾಲ ಒಪ್ಪಿತು. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ನಿರಂತರ ನೀರು ಬಂತು. ಬರುವುದಿಲ್ಲ ಎಂದು ಪಂಥ ಕಟ್ಟಿದವರು ಸೋತರು. ಆದರೆ ಅದು ಮೂರೂ ನಗರಗಳ ಹತ್ತನೇ ಒಂದು ಪಾಲು ಜನಕ್ಕೆ ಮಾತ್ರ. ಉಳಿದವರ ಸಲುವಾಗಿ 2016ರಲ್ಲಿ ಮತ್ತೊಂದು ಸಾಲ ಮಂಜೂರಾಯಿತು. ರಸ್ತೆ ಅಗೆದದ್ದನ್ನಂತೂ ಎಲ್ಲರೂ ಕಂಡಿದ್ದಾರೆ. ಅದು ಪೂರ್ತಿಯಾಗುವತನಕ ಮಲಪ್ರಭೆಯ ನೀರು ನಮ್ಮ ಹಂಡೆಗೆ ಬರುವುದು ವಾಲ್ವು ತಿರುವುವವನ ಕೈ ದಾಟಿಯೇ.

ಆ ಮನುಷ್ಯನ ಪಾಡೂ ನೋಡಿ. ರಾತ್ರಿ ಎರಡಕ್ಕೆ ಸೈಕಲ್ಲಿಗೋ ಹಳೇ ಲೂನಾಕ್ಕೋ ಚಾವಿ ಕಟ್ಟಿಕೊಂಡು ಹೊರಡಬೇಕು. ಯಾವ ವಾಲ್ವಿಗೆ ಎಷ್ಟು ಸುತ್ತು ಎಂಬುದು ಯಾವ ನಕಾಶೆಯಲ್ಲೂ ಇಲ್ಲ, ಅವನ ತಲೆಯಲ್ಲಿದೆ. ಅವನು ನಿವೃತ್ತನಾದರೆ ಊರಿನ ನಕಾಶೆಯೇ ನಿವೃತ್ತವಾದಂತೆ! ಆ ಕಡೆಯಿಂದ ಕಾರ್ಪೊರೇಟರ ಫೋನು, ಈ ಕಡೆಯಿಂದ ಮದುವೆ ಮನೆಯವರ ಬೇಡಿಕೆ, ನಡುವೆ ಓಣಿಯವರ ಬೈಗುಳ. ಎಲ್ಲರೂ ಹರಿಶ್ಚಂದ್ರರೆಂದು ನಾನು ಹೇಳುವುದಿಲ್ಲ. ಆದರೆ ಇಡೀ ಓಣಿಯ ನ್ಯಾಯವನ್ನು ಒಬ್ಬ ಗುತ್ತಿಗೆ ನೌಕರನ ಚಾವಿಗೆ ಕಟ್ಟಿದವರು ಯಾರು ಎಂಬುದನ್ನೂ ಕೇಳಬೇಕು.

ಆದ್ದರಿಂದ ಆ ಓಣಿಯ ಕೆಳಗಿನ ಮನೆಯವರಿಗೆ ನಾನು ಹೇಳಿದ್ದು ಇಷ್ಟು: ವಾಲ್ವು ಬೇಡ ಎನ್ನಬೇಡಿರಿ, ಮೇಲಿನವರಿಗೂ ಬಾಯಾರುತ್ತದೆ. ಅದರ ಬದಲು ಪಾಳಿಯ ತಾಸನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿರಿ. ಎಷ್ಟು ಸುತ್ತಿಗೆ ಪೂರ್ತಿ ತೆರೆಯುತ್ತದೆಂದು ಕೂಡಿಸುವ ದಿನವೇ ಎಣಿಸಿ ಬರೆದಿಡಿರಿ. ಹೊಸ ಕೂಡಿನ ನೀರನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದ ಮೇಲೇ ನಳಕ್ಕೆ ಬಿಡಲು ಹಟ ಹಿಡಿಯಿರಿ. "ಬರದ್ರ ನಡೀತೈತೇನ್ರೀ, ಬರದದ್ದನ್ನ ಯಾರ ಓದತಾರ?" ಎಂದರು ಒಬ್ಬ ಹಿರಿಯರು. ಮೇಲಿನ ಮನೆಯ ಅಜ್ಜಿ ಓದು ಬಾರದವಳು, ಆದರೆ "ನಾ ಓದಸ್ತೇನಿ, ಮೊಮ್ಮಗ ಅದಾನ" ಎಂದಳು.

ಗುದ್ದಲಿಗೆ ಅಡ್ಡ ನಿಂತವರು ಸರಿದರು. ವಾಲ್ವು ಕೂತಿದೆ. ಇಟ್ಟಿಗೆಯ ಗುಂಡಿಯೂ ಆಗಿದೆ. ಮುಚ್ಚಳ ಮಾತ್ರ ಇನ್ನೂ ಬಂದಿಲ್ಲ. ಸದ್ಯಕ್ಕೆ ಹುಡುಗರು ಬೀಳದಿರಲೆಂದು ಓಣಿಯವರು ಮೇಲೊಂದು ಜಾಲಿಕಂಟಿ ಎಳೆದಿದ್ದಾರೆ.