ಮೆಕ್ಯಾನಿಕಲ್ ಕೀಬೋರ್ಡ್ ಯಾರಿಗೆ ಬೇಕು?

ನಾಲ್ಕೈದು ನೂರು ರೂಪಾಯಿಗೆ ಕೀಬೋರ್ಡ್ ಸಿಗುವಾಗ ಎರಡು ಮೂರು ಸಾವಿರ, ಕೆಲವೊಮ್ಮೆ ಹತ್ತು ಸಾವಿರವನ್ನೇ ತೆತ್ತು ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳುವುದು ದುಂದೇ? ಕೊಳ್ಳುವವರು ದಿನಕ್ಕೆ ಎಷ್ಟು ಟೈಪ್ ಮಾಡುತ್ತಾರೆ ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು. ಅಂಗಡಿಗಳೂ ಜಾಹೀರಾತುಗಳೂ ಇದನ್ನು ಗೇಮ್ ಆಡುವ ಹುಡುಗರ ಸರಕಾಗಿ ಮಾರುತ್ತಿವೆ. ಬಣ್ಣಬಣ್ಣದ ದೀಪಗಳಿರುವ ಪೆಟ್ಟಿಗೆ ಕಂಡ ಕಚೇರಿಯ ಅಧಿಕಾರಿ ಇದು ತನಗೆ ಸಂಬಂಧಿಸಿದ್ದಲ್ಲ ಎಂದು ಮುಂದೆ ಹೋಗುತ್ತಾರೆ. ಆದರೆ ಈ ಉಪಕರಣದ ನಿಜವಾದ ಅಗತ್ಯ ಇರುವುದು ದಿನವಿಡೀ ಅಕ್ಷರ ಒತ್ತಿ ಬದುಕುವವರಿಗೆ: ನ್ಯಾಯಾಲಯದ ಬೆರಳಚ್ಚುಗಾರರಿಗೆ, ನಾಡಕಚೇರಿಯ ಡೇಟಾ ಎಂಟ್ರಿ ಆಪರೇಟರುಗಳಿಗೆ, ಡಿಟಿಪಿ ಅಂಗಡಿಯವರಿಗೆ, ಪತ್ರಿಕೆಯ ಡೆಸ್ಕಿನವರಿಗೆ, ಅನುವಾದಕರಿಗೆ. ಇಂಥವರಿಗೆ ಮೆಕ್ಯಾನಿಕಲ್ ಕೀಬೋರ್ಡ್ ಕೊಡಿಸುವುದು ಅವರ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುವವರ ಹೊಣೆ. ಉಳಿದ ಹೆಚ್ಚಿನವರಿಗೆ ಸಾಧಾರಣ ಕೀಬೋರ್ಡೇ ಸಾಕು.

ಎರಡರ ನಡುವಿನ ವ್ಯತ್ಯಾಸ ಕೀಲಿಯ ಕೆಳಗಿದೆ. ಸಾಧಾರಣ ಕೀಬೋರ್ಡಿನಲ್ಲಿ ಎಲ್ಲ ಕೀಲಿಗಳಿಗೂ ಸೇರಿ ಒಂದೇ ರಬ್ಬರ್ ಹಾಳೆ. ಅದರಲ್ಲಿ ಕೀಲಿಗೊಂದರಂತೆ ಸಣ್ಣ ಸಣ್ಣ ಗುಮ್ಮಟಗಳು. ಅದರಡಿ ವಿದ್ಯುತ್ ಹಾದಿಗಳನ್ನು ಮುದ್ರಿಸಿದ ತೆಳು ಪ್ಲಾಸ್ಟಿಕ್ ಪದರಗಳು. ಕೀಲಿಯನ್ನು ತಳಮುಟ್ಟ ಒತ್ತಿ ಗುಮ್ಮಟ ಕುಸಿದಾಗ ಮಾತ್ರ ಪದರಗಳು ಒಂದನ್ನೊಂದು ಮುಟ್ಟಿ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಗೂ ತನ್ನದೇ ಸ್ವಿಚ್ ಇರುತ್ತದೆ. ಸ್ವಿಚ್ಚಿನೊಳಗೆ ಲೋಹದ ಸ್ಪ್ರಿಂಗ್, ಲೋಹದ ಸಂಪರ್ಕ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ ಇಂದಿನ ಹೆಚ್ಚಿನವಕ್ಕೆ ಮಾದರಿ. ಅದರ ಕೆಂಪು ಸ್ವಿಚ್ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರ ದಾಖಲಾಗಿರುತ್ತದೆ. ಅದಕ್ಕೆ ಬೇಕಾದ ಒತ್ತಡ ಸುಮಾರು 45 ಗ್ರಾಂ ತೂಕದಷ್ಟು. ನೀಲಿ ಸ್ವಿಚ್ಚಿಗೆ 60 ಗ್ರಾಂ ಬೇಕು. ಅಕ್ಷರ ದಾಖಲಾದೊಡನೆ ಅದು 'ಟಿಕ್' ಎನ್ನುತ್ತದೆ. ಕಂದು ಸ್ವಿಚ್ ಸದ್ದು ಮಾಡದೆ ಬೆರಳಿಗೆ ಒಂದು ಸಣ್ಣ ತಡೆಯನ್ನು ತಿಳಿಸುತ್ತದೆ. ತಳದವರೆಗೆ ಗುದ್ದದೆಯೇ ಅಕ್ಷರ ಬಿತ್ತೆಂಬುದು ಬೆರಳಿಗೆ ಗೊತ್ತಾಗುವುದು ನೀಲಿ, ಕಂದು ಸ್ವಿಚ್ಚುಗಳ ಮುಖ್ಯ ಗುಣ.

ಬಾಳಿಕೆಯ ಮಾತನ್ನು ಜಾಹೀರಾತಿನ ಸಂಖ್ಯೆಯಲ್ಲೇ ಬಿಡದೆ ಲೆಕ್ಕ ಹಾಕಿ ನೋಡಬೇಕು. ರಬ್ಬರ್ ಗುಮ್ಮಟದ ಕೀಲಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಆಯುಸ್ಸು 50 ಲಕ್ಷದಿಂದ 1 ಕೋಟಿ ಒತ್ತು. ಒಳ್ಳೆಯ ಮೆಕ್ಯಾನಿಕಲ್ ಸ್ವಿಚ್ಚಿಗೆ 5 ಕೋಟಿ, ಕೆಲವಕ್ಕೆ 10 ಕೋಟಿ. ಮನೆಯಲ್ಲಿ ದಿನಕ್ಕೆ 3,000 ಒತ್ತು ಒತ್ತುವವರು ವರ್ಷಕ್ಕೆ ಸುಮಾರು 11 ಲಕ್ಷ ಒತ್ತುತ್ತಾರೆ. ಅದರಲ್ಲಿ ಹತ್ತನೇ ಒಂದು ಪಾಲು ಒಂದೇ ಕೀಲಿಯ ಮೇಲೆ ಬಿದ್ದರೂ 50 ಲಕ್ಷ ಮುಟ್ಟಲು ನಲವತ್ತು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ಹೊತ್ತಿಗೆ ಕಂಪ್ಯೂಟರೇ ಹಲವು ಸಲ ಬದಲಾಗಿರುತ್ತದೆ. ಹಾಗಾಗಿ ಮನೆಬಳಕೆಯವರಿಗೆ ಬಾಳಿಕೆಯ ಹೆಸರಿನಲ್ಲಿ ದುಬಾರಿ ಕೀಬೋರ್ಡ್ ಮಾರುವುದು ಸರಿಯಲ್ಲ. ಈಗ ನಿಮಿಷಕ್ಕೆ 150 ಒತ್ತಿನಂತೆ ದಿನಕ್ಕೆ ಐದು ಗಂಟೆ, ವರ್ಷಕ್ಕೆ 300 ದಿನ ದುಡಿಯುವ ಆಪರೇಟರನ್ನು ತೆಗೆದುಕೊಳ್ಳಿ. ವರ್ಷಕ್ಕೆ 1 ಕೋಟಿ 35 ಲಕ್ಷ ಒತ್ತು. ಅತಿ ಹೆಚ್ಚು ಬಳಸುವ ಕೀಲಿಯೊಂದರ ಪಾಲಿಗೆ 13.5 ಲಕ್ಷ. ರಬ್ಬರ್ ಗುಮ್ಮಟ ನಾಲ್ಕು ವರ್ಷ ತುಂಬುವ ಮೊದಲೇ ತನ್ನ ಮಿತಿಗೆ ಬಂದು ನಿಲ್ಲಬಹುದು, ಹೆಚ್ಚೆಂದರೆ ಏಳೂವರೆ ವರ್ಷ. ಮೆಕ್ಯಾನಿಕಲ್ ಸ್ವಿಚ್ಚಿಗೆ ಅದೇ ಹೊರೆ ಮೂವತ್ತೇಳು ವರ್ಷದ್ದು. ಗುಮ್ಮಟ ಒಂದೇ ದಿನ ಸಾಯುವುದೂ ಇಲ್ಲ. ಸಾಯುವ ಮೊದಲು ಬಹುಕಾಲ ಒಂದು ಕೀಲಿ ಬಿಗಿ, ಇನ್ನೊಂದು ಸಡಿಲ, ಮತ್ತೊಂದು ಎರಡು ಸಲ ಒತ್ತಿದರೆ ಮಾತ್ರ ಮೂಡುವುದು ಎಂಬ ಸ್ಥಿತಿಯಲ್ಲಿರುತ್ತದೆ. ಆ ಅವಧಿಯ ಶ್ರಮವನ್ನೆಲ್ಲ ಬೆರಳುಗಳು ಭರಿಸುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರ ಮೇಲೆ ಈ ಹೊರೆ ಬೇರೆ ರೀತಿಯಲ್ಲಿ ಬೀಳುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲೆಲ್ಲ ಬೇರೂರಿದ ಕೀಲಿಮಣೆ ವಿನ್ಯಾಸ ಬಹಳ ಜಾಣತನದ್ದು. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಅದು ಹಿಡಿದಿಟ್ಟಿದೆ. ಅದಕ್ಕಾಗಿ ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ಅನುಸ್ವಾರಕ್ಕೂ ಶಿಫ್ಟ್ ಹಿಡಿಯಬೇಕು, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು. 'ರಾಷ್ಟ್ರ' ಎಂಬ ಎರಡಕ್ಷರದ ಪದಕ್ಕೆ ಏಳು ಕೀಲಿ, ಜೊತೆಗೆ ಒಂದು ಶಿಫ್ಟ್. ಆ ಏಳರಲ್ಲಿ ಎರಡು ಎಫ್. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒತ್ತಕ್ಷರದ ಕೆಲಸ ಪಕ್ಕದ ಡಿ ಕೀಲಿಯದು. ಕನ್ನಡ ಒತ್ತಕ್ಷರಗಳಿಂದ ತುಂಬಿದ ಭಾಷೆ. ಹೀಗಾಗಿ ಕನ್ನಡದ ಟೈಪಿಸ್ಟರ ಕೀಬೋರ್ಡಿನಲ್ಲಿ ಶಿಫ್ಟ್, ಎಫ್ ಮತ್ತು ಕೆಲವು ಸ್ವರದ ಕೀಲಿಗಳು ಉಳಿದವುಗಳಿಗಿಂತ ಬಹಳ ಮೊದಲೇ ಸವೆಯುತ್ತವೆ. ಎಫ್ ಕೈಕೊಟ್ಟರೆ 'ಅಮ್ಮ' 'ಅಮಮ' ಆಗುತ್ತದೆ. ಪಹಣಿಯಲ್ಲೋ ತೀರ್ಪಿನ ಪ್ರತಿಯಲ್ಲೋ ಒಬ್ಬರ ಹೆಸರು ಹೀಗೆ ಕೆಟ್ಟರೆ ಅದನ್ನು ಸರಿಪಡಿಸಲು ಅವರು ಎಷ್ಟು ಕಚೇರಿ ಅಲೆಯಬೇಕು ಎಂಬುದು ಈ ನಾಡಿನ ಯಾವ ರೈತರಿಗೂ ಹೊಸದಾಗಿ ಹೇಳಬೇಕಾದ್ದಲ್ಲ.

ಇಂಥ ಒಂದೆರಡು ಕೀಲಿ ಕೆಟ್ಟಾಗಲೇ ಮೆಕ್ಯಾನಿಕಲ್ ಕೀಬೋರ್ಡಿನ ದೊಡ್ಡ ಅನುಕೂಲ ಕಾಣುವುದು. ರಬ್ಬರ್ ಹಾಳೆಯ ಕೀಬೋರ್ಡಿನಲ್ಲಿ ಒಂದು ಕೀಲಿ ಹೋದರೆ ಇಡೀ ಕೀಬೋರ್ಡನ್ನು ಎಸೆಯುವುದೇ ವಾಡಿಕೆ. ರಿಪೇರಿಯ ಕೂಲಿ ಹೊಸದರ ಬೆಲೆಯನ್ನು ಮೀರುತ್ತದೆ. ಮೆಕ್ಯಾನಿಕಲ್‌ನಲ್ಲಿ ಆ ಒಂದು ಸ್ವಿಚ್ಚನ್ನು ಬೆಸುಗೆ ಬಿಡಿಸಿ ಬದಲಿಸಬಹುದು. ಈಚಿನ ಹಲವು ಮಾದರಿಗಳಲ್ಲಿ ಬೆಸುಗೆಯೂ ಇಲ್ಲ, ಚಿಮಟದಂಥ ಸಾಧನದಿಂದ ಹಳೆಯದನ್ನು ಎಳೆದು ಹೊಸದನ್ನು ಒತ್ತಿ ಕೂರಿಸಿದರೆ ಮುಗಿಯಿತು. ಹಿಂದೆ ಕೀಬೋರ್ಡುಗಳನ್ನು ದೀರ್ಘಕಾಲಕ್ಕೆಂದೇ ಕಟ್ಟುತ್ತಿದ್ದರು. 1985ರಲ್ಲಿ ಬಂದ ಐಬಿಎಂನ ಮಾಡೆಲ್ ಎಂ ಕೀಬೋರ್ಡುಗಳು ಇಂದಿಗೂ ಕೆಲಸ ಮಾಡುತ್ತ ಕೈಬದಲಾಗುತ್ತಿವೆ. ಕಂಪ್ಯೂಟರಿನ ಬೆಲೆ ಕುಸಿದಂತೆ ಕೀಬೋರ್ಡನ್ನೂ ಅಗ್ಗ ಮಾಡುವ ಒತ್ತಡ ಬಂದು ರಬ್ಬರ್ ಗುಮ್ಮಟ ಎಲ್ಲೆಡೆ ಹರಡಿತು. ನಮ್ಮಲ್ಲಿ ಆ ಅಲೆಯ ನಡುವೆಯೂ ಉಳಿದದ್ದು ಟಿವಿಎಸ್ ಗೋಲ್ಡ್. ವರ್ಷಗಟ್ಟಲೆ ಚೆರ್ರಿಯ ನೀಲಿ ಸ್ವಿಚ್ ಬಳಸಿದ, ಯಾವ ದೀಪವೂ ಇಲ್ಲದ, ಟಕಟಕ ಸದ್ದಿನ ಆ ಕೀಬೋರ್ಡ್ ಡಿಟಿಪಿ ಅಂಗಡಿಗಳಲ್ಲೂ ಬ್ಯಾಂಕ್ ಕೌಂಟರುಗಳಲ್ಲೂ ಹೆಸರು ಮಾಡಿದ್ದು ಟೈಪ್ ಮಾಡುವವರೇ ಅದನ್ನು ಕೇಳಿ ಪಡೆದದ್ದರಿಂದ. ಮೆಕ್ಯಾನಿಕಲ್ ಎಂದರೆ ಗೇಮಿನ ಆಟಿಕೆ ಎನ್ನುವವರು ಈ ಚರಿತ್ರೆಯನ್ನು ಗಮನಿಸಬೇಕು. ಚೆರ್ರಿಯ ಮೂಲ ಪೇಟೆಂಟ್ ಮುಗಿದ ಮೇಲೆ ಗೇಟ್ರಾನ್, ಕೈಲ್, ಔಟೆಮು ಮೊದಲಾದ ಚೀನೀ ತಯಾರಕರು ಅದೇ ನಮೂನೆಯ ಸ್ವಿಚ್ಚುಗಳನ್ನು ಮಾಡತೊಡಗಿದ್ದರಿಂದ ಬೆಲೆಯೂ ಸಾಮಾನ್ಯರ ಕೈಗೆ ಎಟುಕುವಂತಾಗಿದೆ.

ಮೆಕ್ಯಾನಿಕಲ್ ಕೊಂಡರೆ ವೇಗ ಹೆಚ್ಚುತ್ತದೆ, ಕೈನೋವು ಹೋಗುತ್ತದೆ ಎಂಬ ಮಾತುಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಫಿನ್ಲೆಂಡಿನ ಆಲ್ಟೊ ಮತ್ತು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಸಂಶೋಧಕರು 1,68,000 ಜನರ 13.6 ಕೋಟಿ ಒತ್ತುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ವೇಗದ ಗುಟ್ಟನ್ನು ಟೈಪಿಸುವ ಕ್ರಮದಲ್ಲಿ ಕಂಡಿತು. ವೇಗದವರು ಕಡಿಮೆ ತಪ್ಪು ಮಾಡುತ್ತಾರೆ, ಒಂದು ಕೀಲಿ ಬಿಡುವ ಮೊದಲೇ ಮುಂದಿನದನ್ನು ಒತ್ತಿರುತ್ತಾರೆ. ಹೀಗೆ ಒಂದರ ಮೇಲೊಂದು ಬೀಳುವ ಒತ್ತುಗಳನ್ನು ಕೀಬೋರ್ಡ್ ನುಂಗಬಾರದು. ಅಗ್ಗದ ಕೀಬೋರ್ಡುಗಳಲ್ಲಿ ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ದಾಖಲಾಗುವುದಿಲ್ಲ. ಮತ್ತೆ ಮತ್ತೆ ಶಿಫ್ಟ್ ಹಿಡಿಯಬೇಕಾದ ಕನ್ನಡ ಟೈಪಿಂಗಿನಲ್ಲಿ ಇದು ತೊಡಕು. ಆದರೆ ಅದು ಸರ್ಕ್ಯೂಟಿನ ದೋಷ, ರಬ್ಬರಿನದಲ್ಲ. ಒಳ್ಳೆಯ ಸರ್ಕ್ಯೂಟ್ ಮೆಕ್ಯಾನಿಕಲ್‌ನಲ್ಲಿ ಹೆಚ್ಚಾಗಿ ಸಿಗುತ್ತದೆ ಎನ್ನಬಹುದು, ಅಷ್ಟೆ. ಕೈನೋವಿನ ವಿಷಯದಲ್ಲಿ ಕುರ್ಚಿಯ ಎತ್ತರ, ಮಣಿಕಟ್ಟಿನ ನೇರ, ನಡುನಡುವಿನ ಬಿಡುವು ಇವೇ ಮೊದಲು. ಮೆಕ್ಯಾನಿಕಲ್ ಕೀಬೋರ್ಡುಗಳು ದಪ್ಪ. ಮಣಿಕಟ್ಟಿಗೆ ಆಸರೆ ಕೊಡದಿದ್ದರೆ ಹೊಸ ನೋವನ್ನೇ ತರಬಹುದು. ಅಕ್ಷರ ಬಿತ್ತೋ ಇಲ್ಲವೋ ಎಂಬ ಅನುಮಾನದಲ್ಲಿ ಪ್ರತಿ ಕೀಲಿಯನ್ನೂ ಗುದ್ದುವ ಅಭ್ಯಾಸ ಮಾತ್ರ ಒಳ್ಳೆಯ ಸ್ವಿಚ್ಚಿನಿಂದ ತಪ್ಪುತ್ತದೆ. ದಿನಕ್ಕೆ 45 ಸಾವಿರ ಒತ್ತು ಒತ್ತುವವರಿಗೆ ಅದೇನೂ ಸಣ್ಣ ಲಾಭವಲ್ಲ.

ಸದ್ದಿನ ಆಕ್ಷೇಪ ನ್ಯಾಯವಾದದ್ದೇ. ಹತ್ತು ಜನ ನೀಲಿ ಸ್ವಿಚ್ಚಿನಲ್ಲಿ ಟೈಪ್ ಮಾಡುವ ಕೋಣೆಯಲ್ಲಿ ಹನ್ನೊಂದನೆಯವರು ಫೋನಿನಲ್ಲಿ ಮಾತಾಡಲಾರರು. ಕಚೇರಿಗೆ ಕಂದು ಅಥವಾ ಕೆಂಪು ಸ್ವಿಚ್ಚನ್ನೇ ಕೊಳ್ಳಬೇಕು. ಚಹಾ ಚೆಲ್ಲಿದರೆ ಎರಡೂ ಬಗೆಯ ಕೀಬೋರ್ಡ್ ಕೆಡುತ್ತವೆ, ಧೂಳು ಎರಡಕ್ಕೂ ಶತ್ರು. ಹತ್ತು ಪಟ್ಟು ಬೆಲೆಯ ಮಾದರಿಗಳನ್ನು ಅವುಗಳ ಸದ್ದಿಗೂ ಸ್ಪರ್ಶಕ್ಕೂ ಮರುಳಾಗಿ ಕೊಳ್ಳುವವರ ಹವ್ಯಾಸದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಕೆಲಸದ ದೃಷ್ಟಿಯಿಂದ ಎರಡು ಮೂರು ಸಾವಿರದಾಚೆ ಸಿಗುವ ಹೆಚ್ಚುವರಿ ಪ್ರಯೋಜನ ತೀರ ಕಡಿಮೆ. ಇನ್ನು ಬಾಯಲ್ಲಿ ಹೇಳಿದರೆ ಫೋನೇ ಕನ್ನಡದಲ್ಲಿ ಬರೆಯುವಾಗ ಕೀಬೋರ್ಡಿನ ಕಾಲ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. ಸಂದೇಶ ಕಳಿಸಲು ಅದು ಸಾಕು. ಸರ್ವೆ ನಂಬರು, ವಂಶವೃಕ್ಷದ ಹೆಸರುಗಳು, ಕಾನೂನಿನ ಕಲಮುಗಳಿರುವ ಹತ್ತು ಪುಟದ ದಾಖಲೆಯನ್ನು ತಿದ್ದುವ ಕೆಲಸ ಈಗಲೂ ಬೆರಳಿನದೇ. ಜನದಟ್ಟಣೆಯ ಕಚೇರಿಯಲ್ಲಿ ಒಬ್ಬರ ಖಾಸಗಿ ವಿವರವನ್ನು ಗಟ್ಟಿಯಾಗಿ ಓದಿ ಹೇಳುವುದೂ ಸಲ್ಲದು.

ನಾಲ್ಕು ನೂರರ ಕೀಬೋರ್ಡನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿದರೂ ಹತ್ತು ವರ್ಷಕ್ಕೆ ಎರಡು ಸಾವಿರ ದಾಟುವುದಿಲ್ಲವಲ್ಲ ಎಂಬುದು ಲೆಕ್ಕಪತ್ರದವರ ಕೊನೆಯ ಪ್ರಶ್ನೆ. ಹಣದ ಲೆಕ್ಕದಲ್ಲಿ ಎರಡೂ ಸರಿಸಮವಾಗಬಹುದು, ಒಪ್ಪುತ್ತೇನೆ. ಆದರೆ ಒಂದು ದಾರಿಯಲ್ಲಿ ಉಳಿಯುವುದು ನಾಲ್ಕೈದು ಕೀಬೋರ್ಡುಗಳ ಇ-ತ್ಯಾಜ್ಯ, ಇನ್ನೊಂದರಲ್ಲಿ ಬಳಕೆಯಲ್ಲೇ ಇರುವ ಒಂದು ಉಪಕರಣ. ಮೊದಲ ದಾರಿಯಲ್ಲಿ ಆಪರೇಟರುಗಳು ಹತ್ತು ವರ್ಷದ ಬಹುಪಾಲನ್ನು ಅರೆಸತ್ತ ಕೀಲಿಗಳ ಮೇಲೆ ಕಳೆಯುತ್ತಾರೆ, ಏಕೆಂದರೆ ಪೂರ್ತಿ ಕೆಡುವವರೆಗೆ ಯಾವ ಕಚೇರಿಯೂ ಹೊಸದನ್ನು ಕೊಡುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಈ ಬವಣೆಗೆ ಕಲಂ ಇಲ್ಲದಿರುವುದರಿಂದಲೇ ಅಗ್ಗದ್ದು ಅಗ್ಗವಾಗಿ ಕಾಣುತ್ತಿದೆ. ಕಂಪ್ಯೂಟರ್ ಖರೀದಿಯ ಟೆಂಡರುಗಳು ಪ್ರೊಸೆಸರ್, ಮೆಮೊರಿ, ಮಾನಿಟರಿನ ಅಳತೆಯನ್ನು ಸಾಲುಸಾಲಾಗಿ ಬರೆಯುತ್ತವೆ. ಬೆರಳಚ್ಚು ಮತ್ತು ಡೇಟಾ ಎಂಟ್ರಿ ಹುದ್ದೆಗಳಿಗೆ ಕೊಳ್ಳುವಾಗ ಅಲ್ಲಿ ಇನ್ನೊಂದು ಸಾಲು ಸೇರಲಿ: ಕೀಲಿಗೆ ಕನಿಷ್ಠ 5 ಕೋಟಿ ಒತ್ತಿನ ಆಯುಸ್ಸು, ಬದಲಿಸಬಲ್ಲ ಸ್ವಿಚ್, ಕಡಿಮೆ ಸದ್ದು. ಇದನ್ನು ಬರೆಸಲು ಇಲಾಖೆಗಳ ಮುಖ್ಯಸ್ಥರು ಮನಸ್ಸು ಮಾಡಲಿ, ನೌಕರರ ಸಂಘಗಳು ಒತ್ತಾಯಿಸಲಿ.