ಗುಲಾಬಿ ಡೈರಿ, ಭಾಗ 7: ಕಡ್ಡಿ ಕೇಳ್ಬೇಡಿ, ಕೊಡಲ್ಲ!

ಮೊದಲನೇ ಫೋಟೋ ನೋಡಿದ್ರಾ? ಎಲೆ ಮೇಲೆ ಯಾರೋ ಹಳದಿ ಸ್ಕೆಚ್ ಪೆನ್ನಲ್ಲಿ ಅಂಕುಡೊಂಕು ಗೆರೆ ಎಳೆದ ಹಾಗಿದೆ. "ಸೂಪರ್, ಯಾವ ವೆರೈಟಿ?" ಅಂತ ಹೋದ ವಾರ ಸ್ಟೋರಿ ನೋಡಿ ಕೇಳಿದವರಿಗೆಲ್ಲ ಒಂದೇ ಉತ್ತರ: ವೆರೈಟಿ ಅಲ್ಲ, ಕಾಯಿಲೆ. ರೋಸ್ ಮೊಸಾಯಿಕ್ ಅನ್ನೋ ವೈರಸ್ ಕಾಯಿಲೆ.

ಇದು ಅಜ್ಜಿಯ ಗಿಡ. ನಾನು ಎರಡನೇ ಕ್ಲಾಸಲ್ಲಿದ್ದಾಗ ನರ್ಸರಿಯಿಂದ ತಂದ ಕಸಿ ಗುಲಾಬಿ, ಈಗ ಕಾಂಪೌಂಡಿಗಿಂತ ಎತ್ತರ. ಫೆಬ್ರವರಿ ಚಿಗುರಲ್ಲಿ ಗೆರೆ ಕಂಡಾಗ ಅಂಗಡಿಯವರು ಕೊಟ್ಟ ಔಷಧಿ ತಂದು ಹೊಡೆದೆ. ಏಪ್ರಿಲ್‌ನಲ್ಲಿ ಬಂದ ಎಲೆ ಪೂರ್ತಿ ಹಸಿರು! ಗೆದ್ದೆ ಅಂತ ರೀಲ್ ಕೂಡ ಹಾಕಿದ್ದೆ, ನೆನಪಿದೆಯಾ? ಅದನ್ನ ತೆಗೆದಿದ್ದೀನಿ. ಯಾಕಂದ್ರೆ ಹಸಿರು ಮಾಡಿದ್ದು ಔಷಧಿ ಅಲ್ಲ, ಬಿಸಿಲು. ಸೆಖೆಯಲ್ಲಿ ಈ ಗೆರೆಗಳು ಮರೆಯಾಗ್ತವೆ, ತಂಪಾದಾಗ ಮತ್ತೆ ಬರ್ತವೆ. ವೈರಸ್ ಒಳಗೇ ಇರುತ್ತೆ. ಈ ನವೆಂಬರಲ್ಲಿ ಮತ್ತೆ ಅದೇ ಗೆರೆ. ಔಷಧಿಯಾಗಲಿ, ಬೇವಿನೆಣ್ಣೆಯಾಗಲಿ, ಗೆರೆ ಇರೋ ಕೊಂಬೆ ಕತ್ತರಿಸೋದಾಗಲಿ, ಯಾವುದರಿಂದಲೂ ಇದು ಹೋಗಲ್ಲ.

(ಹಳದಿ ಕಂಡಿದ್ದೆಲ್ಲ ವೈರಸ್ ಅಲ್ಲ, ಗಾಬರಿ ಬೇಡ. ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿ ಇದ್ರೆ ಹೆಚ್ಚಾಗಿ ಕಬ್ಬಿಣದ ಕೊರತೆ. ಸೂಜಿ ಚುಚ್ಚಿದಂಥ ಸಣ್ಣ ಚುಕ್ಕಿ ಇದ್ರೆ ಎಲೆ ಹಿಂದೆ ತಿರುಗಿಸಿ ನೋಡಿ, ನುಸಿ ಇರಬಹುದು.)

"ಕಿತ್ತು ಬಿಸಾಕು" ಅಂತ ಮೆಸೇಜ್ ಮಾಡಿದವರಿಗೆ: ಇಲ್ಲ, ಕೀಳಲ್ಲ. ಗುಲಾಬಿಯಲ್ಲಿ ಇದು ಹರಡೋದು ಮುಖ್ಯವಾಗಿ ಕಸಿಯಿಂದ. ಬೇರಿನ ಗಿಡದಲ್ಲಿ ವೈರಸ್ ಇದ್ರೆ ಮೇಲೆ ಕೂರಿಸಿದ ಕಣ್ಣಿಗೆ ಬರುತ್ತೆ, ಕಣ್ಣಲ್ಲಿದ್ರೆ ಕೆಳಗಿಳಿಯುತ್ತೆ. ಪಕ್ಕದ ಕುಂಡಕ್ಕೆ ಸುಮ್ಮನೆ ಹಾರಲ್ಲ. ಹೂ ಸ್ವಲ್ಪ ಕಮ್ಮಿ ಆಗಬಹುದು, ಗಿಡ ಸೊರಗಬಹುದು. ಆದ್ರೂ ಬೇರೂರಿದ ದೊಡ್ಡ ಗಿಡ ನೀರು, ಗೊಬ್ಬರ ಸರಿಯಾಗಿ ಸಿಕ್ರೆ ವರ್ಷಗಟ್ಟಲೆ ಹೂ ಬಿಡುತ್ತೆ. ಬೇರುಸಮೇತ ಕೀಳ್ಬೇಕಾದ್ದು ರೋಸ್ ರೋಸೆಟ್ ಬಂದ ಗಿಡನ. ಅದು ಬೇರೆಯೇ ವೈರಸ್, ಅಮೆರಿಕದಲ್ಲಿ ಅತಿ ಸಣ್ಣ ನುಸಿಯಿಂದ ಹರಡುತ್ತೆ, ಕೊಂಬೆ ತುಂಬ ಮುಳ್ಳು, ಚಿಗುರು ಪೊರಕೆಯ ಹಾಗೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಗುದ್ದಲಿ ಎತ್ತಬೇಡಿ.

ಈಗ ಕಷ್ಟದ ಮಾತು. ಈ ಗಿಡದ ಕಡ್ಡಿ ನೆಟ್ರೆ ವೈರಸ್ಸೂ ಜೊತೆಗೆ ಬರುತ್ತೆ. ಕಸಿಗೆ ಕಣ್ಣು ತೆಗೆದ್ರೂ ಅಷ್ಟೇ. ತಾಯಿ ಗಿಡವನ್ನ ಸುಮಾರು 38 ಡಿಗ್ರಿ ಶಾಖದಲ್ಲಿ ವಾರಗಟ್ಟಲೆ ಇಟ್ಟು ವೈರಸ್ ಬಿಡಿಸೋ ವಿಧಾನ ಇದೆ, ಆದ್ರೆ ಅದು ಲ್ಯಾಬ್ ಕೆಲಸ, ನಮ್ಮ ಟೆರೇಸಲ್ಲಿ ಆಗೋದಲ್ಲ. ಹಾಗಾಗಿ ನನ್ನ ಪಾಲಿಸಿ: ಗಿಡ ಇರುತ್ತೆ, ಕಡ್ಡಿ ಹೊರಗೆ ಹೋಗಲ್ಲ. ಹಾಸ್ಟೆಲ್ ಕಿಟಕಿಗೆ ಒಂದು ಕಡ್ಡಿ ಕೇಳಿದ್ದ ಗೆಳತಿ ಎರಡು ದಿನ ಮಾತು ಬಿಟ್ಟಿದ್ಲು. ಅಜ್ಜಿಗೆ ಇನ್ನೂ ಬೇಜಾರು. "ಗಿಡ ಕೇಳ್ಕೊಂಡು ಬಂದೋರನ್ನ ಬರಿಗೈಲಿ ಕಳಿಸ್ತಾರೇನೇ?" ಅಂತಾರೆ. ನಮ್ಮ ಬೀದಿಯ ನಾಲ್ಕು ಮನೆಗೆ ಅವರೇ ಕಡ್ಡಿ ಕೊಟ್ಟಿದ್ದು. ಭಾನುವಾರ ಇಬ್ಬರೂ ಆ ನಾಲ್ಕೂ ಮನೆಗೆ ಹೋಗಿ ಎಲೆ ನೋಡಿ, ವಿಷಯ ಹೇಳಿ ಬಂದ್ವಿ. ಎರಡು ಕಡೆ ಗೆರೆ ಸಿಕ್ತು.

ಹೂ ಬೇಕಾದ್ರೆ ಮಾತ್ರ ಬನ್ನಿ. ಶುಕ್ರವಾರ ಬೆಳಗ್ಗೆ ಅಜ್ಜಿನೇ ಕಿತ್ತು ಕೊಡ್ತಾರೆ.